ಕಾರ್ಲ್ಟನ್ ಚಾಪ್ಮನ್: ಆಟ ಬಿಟ್ಟ ಮೇಲೆ ಆಟ ಕಲಿಸಿದವರು

ನಮ್ಮ ಚರ್ಚ್ ಮೈದಾನಗಳಲ್ಲಿ ಕ್ರಿಕೆಟ್ಟಿನದೇ ಗದ್ದಲ ಹೆಚ್ಚು. ಆದರೂ ಮಳೆ ಹಿಡಿಯಿತೆಂದರೆ ಕೆಸರಿನಲ್ಲಿ ಫುಟ್ಬಾಲ್ ಒದೆಯುವ ಹುಡುಗರು ಕಾಣಸಿಗುತ್ತಾರೆ. ಅವರಲ್ಲಿ ಒಬ್ಬಿಬ್ಬರು ನಿಜಕ್ಕೂ ಚೆನ್ನಾಗಿ ಆಡುತ್ತಾರೆ. ಮನೆಯವರು ಕೇಳುವ ಪ್ರಶ್ನೆ ಮಾತ್ರ ಒಂದೇ: "ಮೂವತ್ತಕ್ಕೆ ಆಟ ಮುಗಿಯುತ್ತದೆ, ಆಮೇಲೆ ಏನು?" ತಳ್ಳಿಹಾಕುವಂಥ ಪ್ರಶ್ನೆಯಲ್ಲ ಅದು. ಈ ಪ್ರಶ್ನೆಯನ್ನು ಮುಂದಿಟ್ಟುಕೊಂಡೇ ನಮ್ಮ ರಾಜ್ಯದ ಒಬ್ಬ ಆಟಗಾರರ ಬದುಕನ್ನು ಓದುಗರಿಗೆ ಪರಿಚಯಿಸುತ್ತಿದ್ದೇವೆ.

ಕಾರ್ಲ್ಟನ್ ಚಾಪ್ಮನ್ 1971ರ ಏಪ್ರಿಲ್ 13ರಂದು ಜನಿಸಿದರು. ಊರು ಬೆಂಗಳೂರು. ಭಾರತೀಯ ಕ್ರೀಡಾ ಪ್ರಾಧಿಕಾರದ ಬೆಂಗಳೂರು ಕೇಂದ್ರದಲ್ಲಿ ಬೆಳೆದ ಅವರು 1990ರಲ್ಲಿ ಜಮ್ಶೆಡ್‌ಪುರದ ಟಾಟಾ ಫುಟ್ಬಾಲ್ ಅಕಾಡೆಮಿ ಸೇರಿದರು. 1987ರಲ್ಲಿ ಆರಂಭವಾದ ಈ ಅಕಾಡೆಮಿ ಹುಡುಗರನ್ನು ಅಲ್ಲೇ ಉಳಿಸಿಕೊಂಡು ಆಟ ಕಲಿಸುತ್ತಿತ್ತು. ಈ ಹೆಸರನ್ನು ಓದುಗರು ನೆನಪಿನಲ್ಲಿ ಇಟ್ಟುಕೊಳ್ಳಬೇಕು, ಮುಂದೆ ಮತ್ತೆ ಬರುತ್ತದೆ.

1993ರಲ್ಲಿ ಕೋಲ್ಕತ್ತದ ಈಸ್ಟ್ ಬೆಂಗಾಲ್ ತಂಡಕ್ಕೆ ಹೋದರು. ಅದೇ ವರ್ಷ ಏಷ್ಯನ್ ಕಪ್ ವಿನ್ನರ್ಸ್ ಕಪ್‌ನಲ್ಲಿ ಇರಾಕಿನ ಅಲ್ ಜವ್ರಾ ತಂಡವನ್ನು ಈಸ್ಟ್ ಬೆಂಗಾಲ್ 6-2ರಿಂದ ಸೋಲಿಸಿತು. ಮೂರು ಗೋಲು ಚಾಪ್ಮನ್ ಅವರದು. ಅವರು ಮಿಡ್‌ಫೀಲ್ಡರ್ ಎಂಬುದನ್ನು ಗಮನಿಸಬೇಕು. ಮುಂದೆ ನಿಂತು ಗೋಲು ಹೊಡೆಯುವವರಿಗಿಂತ ನಡುವೆ ನಿಂತು ಚೆಂಡು ಹಂಚುವವರ ಹೆಸರು ಜನರ ಬಾಯಲ್ಲಿ ಉಳಿಯುವುದು ಕಡಿಮೆ. ಆದರೆ ಇಡೀ ಆಟ ಕಣ್ಣಿಗೆ ಕಾಣುವುದು ಆ ಜಾಗದಿಂದಲೇ. ಒಳ್ಳೆಯ ಕೋಚ್‌ಗಳಲ್ಲಿ ಹಲವರು ಆ ಜಾಗದಲ್ಲಿ ಆಡಿದವರು ಎಂಬುದು ಕಾಕತಾಳೀಯವಲ್ಲ ಎಂದು ನಮಗೆ ಅನಿಸುತ್ತದೆ.

1995ರಲ್ಲಿ ಪಂಜಾಬಿನ ಜೆಸಿಟಿ ಸೇರಿದರು. ಐ.ಎಂ. ವಿಜಯನ್, ಬೈಚುಂಗ್ ಭುಟಿಯಾ ಅವರೊಡನೆ ಆಡಿ 1996-97ರ ಮೊದಲ ರಾಷ್ಟ್ರೀಯ ಫುಟ್ಬಾಲ್ ಲೀಗ್ ಗೆದ್ದರು. ಅಲ್ಲಿಂದ ಎಫ್‌ಸಿ ಕೊಚ್ಚಿನ್, ಮತ್ತೆ ಈಸ್ಟ್ ಬೆಂಗಾಲ್. 2001ರಲ್ಲಿ ಅವರ ನಾಯಕತ್ವದಲ್ಲಿ ಈಸ್ಟ್ ಬೆಂಗಾಲ್ ರಾಷ್ಟ್ರೀಯ ಲೀಗ್ ಗೆದ್ದಿತು. ಭಾರತ ತಂಡದ ನಾಯಕರೂ ಆಗಿದ್ದರು. ಅದೇ 2001ರಲ್ಲಿ ಆಟಕ್ಕೆ ವಿದಾಯ ಹೇಳಿದಾಗ ವಯಸ್ಸು ಮೂವತ್ತು. ಮನೆಯವರು ಹೆದರುವ ಅದೇ ಮೂವತ್ತು!

ಮರುವರ್ಷ ಅವರು ಹೋದದ್ದು ತಮ್ಮನ್ನು ಬೆಳೆಸಿದ ಟಾಟಾ ಅಕಾಡೆಮಿಗೇ, ಈ ಬಾರಿ ಕೋಚ್ ಆಗಿ. ಕೀರ್ತಿ ಇದ್ದ ಆಟಗಾರ ಮೀಸೆ ಮೂಡದ ಹುಡುಗರಿಗೆ ಚೆಂಡು ನಿಲ್ಲಿಸುವುದು ಹೇಗೆ ಎಂಬುದರಿಂದ ಶುರುಮಾಡುವುದು ಸಣ್ಣ ಮಾತಲ್ಲ. ತನಗೆ ಸಲೀಸಾಗಿ ಬರುವುದನ್ನು ಬಾರದವನಿಗೆ ಬಿಡಿಸಿ ಹೇಳಬೇಕು, ಕಾಯಬೇಕು. ದೊಡ್ಡ ಆಟಗಾರರು ಹಲವರು ಇಲ್ಲಿಯೇ ಸೋಲುತ್ತಾರೆ. ನಮ್ಮ ಧರ್ಮೋಪದೇಶ ತರಗತಿಯ ಶಿಕ್ಷಕರಿಗೆ ಇದನ್ನು ವಿವರಿಸಬೇಕಾಗಿಲ್ಲ.

ನಂತರ ಶಿಲ್ಲಾಂಗಿನ ರಾಯಲ್ ವಾಹಿಂಗ್‌ಡೊ ತಂಡ. ಆಗ ಹೊರಗಿನವರಿಗೆ ಅಷ್ಟಾಗಿ ಗೊತ್ತಿರದ ಈ ತಂಡ ಅವರ ಕೈಕೆಳಗೆ ಶಿಲ್ಲಾಂಗ್ ಲೀಗಿನ ಪ್ರಶಸ್ತಿಗಳನ್ನೂ 2011ರಲ್ಲಿ ಬೊರ್ದೊಲೊಯಿ ಟ್ರೋಫಿಯನ್ನೂ ಗೆದ್ದಿತು. ಅವರು ಬಿಟ್ಟ ಮೇಲೆ, ಬೇರೆ ಕೋಚ್ ಇದ್ದಾಗ, ಇದೇ ತಂಡ 2014-15ರ ಐ-ಲೀಗ್‌ನಲ್ಲಿ ಮೂರನೆಯ ಸ್ಥಾನಕ್ಕೆ ಬಂತು. ಅಡಿಪಾಯ ಹಾಕಿದವರ ಹೆಸರು ಆಗ ಪತ್ರಿಕೆಗಳಲ್ಲಿ ಹೆಚ್ಚು ಕಾಣಲಿಲ್ಲ. ಕೋಲ್ಕತ್ತದ ಭವಾನಿಪುರ, ದೆಹಲಿಯ ಸುದೇವ, ಹೀಗೆ ಮುಂದೆಯೂ ಅವರು ದುಡಿದದ್ದು ಸಣ್ಣ ತಂಡಗಳಲ್ಲೇ. 2014ರಲ್ಲಿ ಶುರುವಾದ ಇಂಡಿಯನ್ ಸೂಪರ್ ಲೀಗ್‌ನಲ್ಲಿ ಮುಖ್ಯ ಕೋಚ್ ಸ್ಥಾನಗಳು ಹೆಚ್ಚಾಗಿ ವಿದೇಶಿಯರ ಪಾಲಾದವು. ಆ ಬಾಗಿಲು ನಮ್ಮವರಿಗೆ ತೆರೆದದ್ದು ತಡವಾಗಿ. ಐಜ್ವಾಲ್ ತಂಡಕ್ಕೆ 2017ರಲ್ಲಿ ಐ-ಲೀಗ್ ಗೆದ್ದುಕೊಟ್ಟ ಖಾಲಿದ್ ಜಮೀಲ್ 2025ರಲ್ಲಿ ಭಾರತ ತಂಡದ ಕೋಚ್ ಆದರು. ಅವರೂ ಹಿಂದೆ ಮಿಡ್‌ಫೀಲ್ಡರ್ ಆಗಿದ್ದವರೇ.

ಕೋಚ್ ಆಗಬಯಸುವ ಯುವಕರಿಗೆ ಒಂದು ಮಾತು. ಚೆನ್ನಾಗಿ ಆಡಿದ್ದರೆ ಸಾಲದು, ಲೈಸೆನ್ಸ್ ಬೇಕು. ಡಿ, ಸಿ, ಬಿ, ಎ, ಕೊನೆಗೆ ಪ್ರೊ ಎಂದು ಮೆಟ್ಟಿಲುಗಳಿವೆ. ಕೆಳಗಿನ ಡಿ ಮೆಟ್ಟಿಲು ಮಕ್ಕಳಿಗೆ ಕಲಿಸುವವರಿಗೂ ತಕ್ಕದ್ದು. ಅದಕ್ಕೆ ರಾಷ್ಟ್ರಮಟ್ಟದಲ್ಲಿ ಆಡಿರಬೇಕೆಂದಿಲ್ಲ. ಧರ್ಮಕೇಂದ್ರದ ಯುವಸಂಘಟನೆಯವರು ಟೂರ್ನಮೆಂಟಿನ ಬಹುಮಾನಕ್ಕೆ ಖರ್ಚು ಮಾಡುವುದರಲ್ಲಿ ಒಂದಿಷ್ಟು ಉಳಿಸಿ ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಈ ತರಬೇತಿಗೆ ಕಳುಹಿಸಬಹುದಲ್ಲವೇ? ಪಾಲನಾ ಪರಿಷತ್ತಿನ ಸಭೆಗಳಲ್ಲಿ ಈ ವಿಷಯ ಚರ್ಚೆಗೆ ಬರಲಿ ಎಂದು ಕೋರುತ್ತೇವೆ.

2017ರ ಕೊನೆಯಲ್ಲಿ ಚಾಪ್ಮನ್ ಕೋಝಿಕ್ಕೋಡಿನ ಕ್ವಾರ್ಟ್ಜ್ ಫುಟ್ಬಾಲ್ ಕ್ಲಬ್ಬಿನ ತಾಂತ್ರಿಕ ನಿರ್ದೇಶಕರಾದರು. ಮಂಗಳೂರಿನಿಂದ ರೈಲಿನಲ್ಲಿ ನಾಲ್ಕೈದು ತಾಸಿನ ದಾರಿ. ಅವರನ್ನು ಒಮ್ಮೆ ಕರೆಸಿ ನಮ್ಮ ಹುಡುಗರಿಗೆ ಎರಡು ದಿನದ ಶಿಬಿರ ಮಾಡಿಸೋಣ ಎಂದು ನಮಗಾರಿಗೂ ಹೊಳೆಯಲಿಲ್ಲ. 2020ರ ಅಕ್ಟೋಬರ್ 12ರ ಮುಂಜಾನೆ ಬೆಂಗಳೂರಿನಲ್ಲಿ ಹೃದಯಾಘಾತದಿಂದ ಅವರು ತೀರಿಕೊಂಡರು. ಆಗ ಅವರಿಗೆ 49 ವರ್ಷ.