ಕಾರು ಕಲಿತದ್ದನ್ನು ವಿಮೆಯವರಿಗೆ ಹೇಳಬೇಕೇ?

ಡ್ರೈವಿಂಗ್ ಸ್ಕೂಲಿನಲ್ಲಿ ಕಲಿತಿದ್ದೀರಾ? ವಿಮೆ ಫಾರಂನಲ್ಲಿ ಆ ಪ್ರಶ್ನೆ ಇದ್ದರೆ ನಿಜ ಬರೆಯಿರಿ. ಇಲ್ಲದಿದ್ದರೆ ಚಿಂತೆ ಬೇಡ, ಲೈಸೆನ್ಸು ಸರಿ ಇದ್ದರೆ ಸಾಕು. ಆದರೆ ನಿಮ್ಮ ಕಾರಿನಲ್ಲಿ ದುಡ್ಡು ಪಡೆದು ಬೇರೆಯವರಿಗೆ ಕಲಿಸುವುದಾದರೆ ಮೊದಲೇ ತಿಳಿಸಲೇಬೇಕು. ಹಿಂದಿನ ವರ್ಷ ಕ್ಲೇಮು ಪಡೆದದ್ದನ್ನೂ ಮುಚ್ಚಿಡಬೇಡಿ.

ಇನ್ನೂ ಕಲಿಯುತ್ತಿದ್ದೀರಾ? 1989ರ ಕೇಂದ್ರ ಮೋಟಾರು ವಾಹನ ನಿಯಮದಂತೆ ಕಲಿಕಾ ಲೈಸೆನ್ಸು, ‘ಎಲ್’ ಬೋರ್ಡು, ಪಕ್ಕದಲ್ಲಿ ಲೈಸೆನ್ಸು ಇರುವವರು — ಈ ಮೂರೂ ಬೇಕು. ಲೈಸೆನ್ಸೇ ಇಲ್ಲದೆ ಅಪಘಾತ ಮಾಡಿದರೆ, ಗಾಯಾಳುವಿಗೆ ಕೊಟ್ಟ ಪರಿಹಾರವನ್ನು ಕಂಪನಿ ಕಾರಿನ ಮಾಲೀಕರಿಂದಲೇ ವಸೂಲು ಮಾಡಬಹುದು.

ಫಾರಂ ಇಂಗ್ಲಿಷಿನಲ್ಲಿದ್ದರೆ ತಿಳಿದವರಿಂದ ಓದಿಸಿ ಕೇಳಿ, ಆಮೇಲೆ ಸಹಿ ಹಾಕಿ. ತುಂಬಿದವರು ಏಜೆಂಟರಾದರೂ ಸಹಿ ನಿಮ್ಮದೇ.