ಅಂಟುವಾಳ: ಹಿತ್ತಿಲಲ್ಲೇ ಇರುವ ಸಾಬೂನು

ನಮ್ಮ ಬೆಳೆಗಾರರ ಮನೆಯ ದಿನಸಿ ಚೀಟಿಯನ್ನು ಬಿಡಿಸಿ ನೋಡಿದರೆ ಬಟ್ಟೆ ಸೋಪು, ಪಾತ್ರೆ ಪುಡಿ, ಶಾಂಪೂ ಇವು ಪ್ರತಿ ತಿಂಗಳೂ ತಪ್ಪದೆ ಕಾಣುತ್ತವೆ. ಒಂದೊಂದೂ ಚಿಕ್ಕ ಮೊತ್ತವೇ ಸರಿ. ಆದರೆ ಅಡಿಕೆ, ಕಾಫಿಗಳ ಹಣ ಕೈಸೇರುವುದು ವರ್ಷಕ್ಕೆ ಒಂದೆರಡು ಸಲ. ಈ ಖರ್ಚು ಮಾತ್ರ ಹನ್ನೆರಡು ತಿಂಗಳೂ ಇರುವಂಥದು. ಇತ್ತ ಬೇಲಿಯಂಚಿನಲ್ಲೋ ಸೊಪ್ಪಿನ ಬೆಟ್ಟದಲ್ಲೋ ಇರುವ ಅಂಟುವಾಳದ ಮರದಡಿ ಕಾಯಿ ಉದುರಿ ಕೊಳೆಯುತ್ತಿರುತ್ತದೆ. ಇದರಲ್ಲಿ ಎಷ್ಟನ್ನು ಉಪಯೋಗಕ್ಕೆ ತರಬಹುದು, ಯಾವುದು ಲಾಭ, ಯಾವುದು ಅಲ್ಲ ಎಂಬುದನ್ನು ಇಲ್ಲಿ ವಿವರಿಸುತ್ತೇವೆ.

ಅಂಟುವಾಳದ ಗುಣವಿರುವುದು ಬೀಜದಲ್ಲಲ್ಲ, ಸಿಪ್ಪೆಯಲ್ಲಿ. ಸಿಪ್ಪೆಯಲ್ಲಿರುವ ಸೆಪೋನಿನ್ ಎಂಬ ವಸ್ತು ನೀರಿನಲ್ಲಿ ಕರಗಿ ನೊರೆ ಕೊಡುತ್ತದೆ. ನೀರು ಬಟ್ಟೆಯ ಎಳೆಯೊಳಕ್ಕೆ ಸುಲಭವಾಗಿ ಇಳಿಯುವಂತೆ ಮಾಡಿ ಜಿಡ್ಡನ್ನು ಬಿಡಿಸುತ್ತದೆ. ಸೀಗೆಕಾಯಿಯಲ್ಲಿರುವುದೂ ಇದೇ ಜಾತಿಯ ವಸ್ತು. ರೇಷ್ಮೆ ಸೀರೆ, ಉಣ್ಣೆ ಬಟ್ಟೆ, ಚಿನ್ನದ ಒಡವೆಗಳಿಗೆ ಹಿರಿಯರು ಅಂಟುವಾಳವನ್ನೇ ಬಳಸುತ್ತಿದ್ದುದು ಅದರ ಸೌಮ್ಯ ಗುಣಕ್ಕಾಗಿ.

ಕಾಯಿ ಹಣ್ಣಾಗುವುದು ಸುಮಾರಾಗಿ ಫೆಬ್ರವರಿಯಿಂದ ಏಪ್ರಿಲ್‌ವರೆಗೆ. ಆ ಹೊತ್ತಿಗೆ ಅಡಿಕೆ ಒಣಗಿಸುವ ಅಂಗಳವೂ ತೆರವಾಗುತ್ತ ಬಂದಿರುತ್ತದೆ. ಆಯ್ದ ಕಾಯಿಯನ್ನು ಬೀಜ ಒಳಗೆ ಗಲಗಲ ಎನ್ನುವವರೆಗೆ ಬಿಸಿಲಿಗೆ ಹಾಕಬೇಕು. ಅನಂತರ ಜಜ್ಜಿ ಬೀಜ ತೆಗೆದು, ಸಿಪ್ಪೆಯನ್ನು ಪುನಃ ಒಣಗಿಸಿ, ಗಾಳಿಯಾಡದ ಡಬ್ಬಿಯಲ್ಲಿ ತುಂಬಿಡಬೇಕು. ಹಸಿ ಉಳಿದರೆ ಮಳೆಗಾಲದಲ್ಲಿ ಬೂಷ್ಟು ಹಿಡಿಯುವುದು ಖಂಡಿತ.

ಬಳಸುವ ಕ್ರಮ ಸುಲಭ. 100 ಗ್ರಾಂ ಸಿಪ್ಪೆಯನ್ನು ಒಂದೂವರೆ ಲೀಟರ್ ನೀರಿನಲ್ಲಿ ರಾತ್ರಿ ನೆನೆಹಾಕಿ, ಬೆಳಿಗ್ಗೆ 20 ನಿಮಿಷ ಕುದಿಸಿ, ಆರಿದ ಮೇಲೆ ಕಿವುಚಿ ಸೋಸಬೇಕು. ಈ ನೀರು ಬಟ್ಟೆಗೂ ಪಾತ್ರೆಗೂ ಆಗುತ್ತದೆ. ಎರಡು ಮೂರು ದಿನಗಳಲ್ಲಿ ಹುಳಿತು ವಾಸನೆ ಬರುವುದರಿಂದ ಬೇಕಾದಷ್ಟನ್ನೇ ಮಾಡಿಕೊಳ್ಳಬೇಕು. ಕಣ್ಣಿಗೆ ಬಿದ್ದರೆ ಬಹಳ ಉರಿಯುತ್ತದೆ. ಮಕ್ಕಳ ತಲೆಗೆ ಹಾಕುವಾಗ ಎಚ್ಚರ ಬೇಕು. ಅಂಗಡಿ ಪುಡಿಯಷ್ಟು ನೊರೆ ಬರಲಿಲ್ಲವೆಂದು ಗಾಬರಿಯಾಗಬೇಕಿಲ್ಲ. ಆದರೆ ಅಡಿಕೆ ಚೊಗರಿನ ಕಲೆ ಇದರಿಂದ ಹೋಗುತ್ತದೆಂದು ನಿರೀಕ್ಷಿಸಬಾರದು.

ಗಿಡದಿಂದ ಬಂದದ್ದೆಲ್ಲ ನಿರಪಾಯ ಎಂಬ ಭಾವನೆಯೂ ತಪ್ಪು. ಅಂಟುವಾಳದ ರಸ ಮೀನುಗಳಿಗೆ ವಿಷ. ತೊಳೆದ ನೀರನ್ನು ಹಳ್ಳಕ್ಕೋ ಕೆರೆಗೋ ಬಿಡದೆ ಬಾಳೆಯ ಬುಡಕ್ಕೆ ಹರಿಸುವುದು ಒಳ್ಳೆಯದು. ಚರಟವನ್ನು ಗೊಬ್ಬರದ ಗುಂಡಿಗೆ ಹಾಕಬಹುದು.

ಸ್ನಾನದ ಸಾಬೂನನ್ನೂ ಮನೆಯಲ್ಲೇ ಮಾಡಬಹುದಲ್ಲವೇ ಎಂದು ಕೇಳುವವರಿದ್ದಾರೆ. ಮಾಡಬಹುದು. 1 ಕಿಲೋ ಕೊಬ್ಬರಿ ಎಣ್ಣೆಗೆ 175 ಗ್ರಾಂ ಕಾಸ್ಟಿಕ್ ಸೋಡಾ, 350 ಗ್ರಾಂ ನೀರು; ಮೂರನ್ನೂ ತಕ್ಕಡಿಯಲ್ಲಿ ತೂಗಿಯೇ ತೆಗೆದುಕೊಳ್ಳಬೇಕು. ಬೋರ್ಡೋ ದ್ರಾವಣದಲ್ಲಿ ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಸುರಿಯಬೇಕೇ ಹೊರತು ತಿರುಗಿಸಿ ಮಾಡಬಾರದೆಂಬುದು ನಮಗೆಲ್ಲ ತಿಳಿದದ್ದೇ. ಇಲ್ಲಿಯೂ ಕ್ರಮ ಮುಖ್ಯ: ಸೋಡಾವನ್ನು ನೀರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಬೇಕು, ಸೋಡಾದ ಮೇಲೆ ನೀರು ಸುರಿದರೆ ಕುದಿದು ಸಿಡಿಯುತ್ತದೆ. ಅಲ್ಯೂಮಿನಿಯಂ ಪಾತ್ರೆ ಕೂಡದು, ಸ್ಟೀಲ್ ಆಗಬಹುದು. ಕೈಗವಸು, ಕನ್ನಡಕ ಧರಿಸಿ, ಮಕ್ಕಳನ್ನು ದೂರವಿಟ್ಟು, ಗಾಳಿಯಾಡುವ ಜಗಲಿಯಲ್ಲಿ ಮಾಡಬೇಕು. ಆರಿದ ಸೋಡಾ ನೀರನ್ನು ಎಣ್ಣೆಗೆ ಸೇರಿಸಿ, ದೋಸೆ ಹಿಟ್ಟಿನ ಹದ ಬರುವವರೆಗೆ ಕಡೆದು ಅಚ್ಚಿಗೆ ಹೊಯ್ಯಬೇಕು. ಗಟ್ಟಿಯಾದೊಡನೆ ಕತ್ತರಿಸಿ ನಾಲ್ಕು ವಾರ ಒಣಗಲು ಬಿಡಬೇಕು.

ಆದರೆ ಲೆಕ್ಕ ನೋಡಬೇಕು. ಸ್ವಂತ ತೆಂಗಿನ ಕೊಬ್ಬರಿಯನ್ನು ಗಾಣಕ್ಕೆ ಕೊಟ್ಟು ಎಣ್ಣೆ ತೆಗೆಸುವವರಿಗೆ, ಅದರಲ್ಲೂ ಹಳಸಿದ ಎಣ್ಣೆ ಉಳಿದಿರುವವರಿಗೆ, ಇದು ಪ್ರಯೋಜನಕರ. ಪೇಟೆಯಿಂದ ಎಣ್ಣೆ, ಸೋಡಾ ಎರಡನ್ನೂ ಕೊಂಡು ತಂದು ಮಾಡಿದರೆ ಅಂಗಡಿಯ ಸಾದಾ ಸಾಬೂನೇ ಅಗ್ಗವಾಗುತ್ತದೆ. ಮೂಲವಸ್ತು ನಮ್ಮ ತೋಟದ್ದಾಗಿದ್ದರೆ ಮಾತ್ರ ಮನೆಯ ತಯಾರಿಕೆಯಿಂದ ಹಣ ಉಳಿಯುತ್ತದೆ. ಈ ದೃಷ್ಟಿಯಿಂದ ಅಂಟುವಾಳಕ್ಕೆ ಮೊದಲ ಸ್ಥಾನ, ಸೀಗೆಗೆ ಎರಡನೆಯದು.

ಇನ್ನೊಂದು ಮಾತು. ಉಳಿತಾಯದ ಹೆಸರಿನಲ್ಲಿ ಈ ಕೆಲಸವೂ ಮನೆಯ ಹೆಂಗಸರ ಪಾಲಿಗೇ ಬೀಳುವುದು ನ್ಯಾಯವಲ್ಲ. ಅಡಿಕೆ ಸುಲಿಯುವುದು, ಕಾಫಿ ಹಣ್ಣು ಕೊಯ್ಯುವುದು, ಅಡಿಗೆ, ಕೊಟ್ಟಿಗೆ ಇವುಗಳ ನಡುವೆ ಅವರಿಗೆ ಬಿಡುವೆಲ್ಲಿ? ಕಾಯಿ ಆಯುವುದು, ಜಜ್ಜುವುದು, ಒಣಗಿಸುವುದನ್ನು ಗಂಡಸರೂ ಮಕ್ಕಳೂ ಹಂಚಿಕೊಂಡರೆ ವರ್ಷಕ್ಕಾಗುವಷ್ಟನ್ನು ಕೆಲವೇ ದಿನಗಳಲ್ಲಿ ಕೂಡಿಡಬಹುದು.

ಸದಸ್ಯರು ಬರುವ ಸುಗ್ಗಿಯಲ್ಲಿ ಒಂದು ಡಬ್ಬಿ ಸಿಪ್ಪೆ ಸಂಗ್ರಹಿಸಿ, ಮೂರು ತಿಂಗಳು ಬಳಸಿ, ಹಿಂದಿನ ದಿನಸಿ ಚೀಟಿಯೊಡನೆ ಹೋಲಿಸಿ ನೋಡಬೇಕೆಂದು ಕೋರುತ್ತೇವೆ. ತೆಗೆದ ಬೀಜಗಳನ್ನು ಎಸೆಯದೆ ನಾಲ್ಕಾರನ್ನು ಬೇಲಿಯ ಬದಿಯಲ್ಲಿ ಊರಿಡಿ. ಫಲ ಬರಲು ಹಲವು ವರ್ಷ ಬೇಕು. ಆದ್ದರಿಂದಲೇ ಈ ಮಳೆಗಾಲವನ್ನು ಬಿಡಬಾರದು.