ಮಿಲಿಗ್ರಾಂ ತೋರಿಸುವ ತಕ್ಕಡಿ ನಿಜವನ್ನೇ ಹೇಳುತ್ತದೆಯೇ?

ಚಿನ್ನದ ಅಂಗಡಿಯಲ್ಲಿ ಬಳೆಯನ್ನು ಎಲೆಕ್ಟ್ರಾನಿಕ್ ತಕ್ಕಡಿಯ ಮೇಲಿಟ್ಟರೆ 16.042 ಎಂಬ ಅಂಕಿ ಮೂಡುತ್ತದೆ. ಎರಡು ಪವನು, ಮೇಲೆ 42 ಮಿಲಿಗ್ರಾಂ. ಇಷ್ಟು ಸೂಕ್ಷ್ಮವಾಗಿ ಹೇಳುವ ಯಂತ್ರ ತಪ್ಪು ಹೇಳೀತೇ ಎಂದು ನಾವು ಹಣ ಎಣಿಸಿ ಕೊಡುತ್ತೇವೆ. ಮುಂದೆ ಕಷ್ಟಕಾಲದಲ್ಲಿ ಅದನ್ನು ಅಡವಿಡಲು ಒಯ್ದಾಗ ಬೇರೊಂದು ತಕ್ಕಡಿ 16.005 ಎನ್ನುತ್ತದೆ. ಬಳೆ ಸವೆದಿರಬಹುದು. ತಕ್ಕಡಿಗಳೇ ಒಂದಕ್ಕೊಂದು ಹೊಂದದಿರಲೂ ಬಹುದು.

ಅಂಕಿ ಸಣ್ಣದಾಗಿ ತೋರುವುದು ಬೇರೆ, ಸರಿಯಾಗಿರುವುದು ಬೇರೆ. ಗಡಿಯಾರದಲ್ಲಿ ಸೆಕೆಂಡಿನ ಮುಳ್ಳು ಇದ್ದ ಮಾತ್ರಕ್ಕೆ ಅದು ಸರಿಯಾದ ಸಮಯ ತೋರಿಸುತ್ತದೆಂದು ಹೇಳಲಾಗುವುದೇ? ತಕ್ಕಡಿಯ ಫಲಕದಲ್ಲಿ ‘ಡಿ’ ಮತ್ತು ‘ಇ’ ಎಂಬ ಎರಡು ಇಂಗ್ಲಿಷ್ ಅಕ್ಷರಗಳಿರುತ್ತವೆ. ‘ಡಿ’ ಎಂದರೆ ಯಂತ್ರ ತೋರಿಸಬಲ್ಲ ಅತಿ ಚಿಕ್ಕ ಅಂಕಿ. ‘ಇ’ ಎಂದರೆ ಅದನ್ನು ಪರೀಕ್ಷಿಸಿ ಮುದ್ರೆ ಹಾಕಲು ಆಧಾರವಾಗುವ ಅಳತೆ. ‘ಡಿ’ 1 ಮಿಲಿಗ್ರಾಂ, ‘ಇ’ 10 ಮಿಲಿಗ್ರಾಂ ಇರುವ ಎರಡನೇ ದರ್ಜೆಯ ಯಂತ್ರವಾದರೆ, ಪರೀಕ್ಷೆಯ ವೇಳೆ 50 ಗ್ರಾಂವರೆಗಿನ ತೂಕದಲ್ಲಿ 5 ಮಿಲಿಗ್ರಾಂ, ನಂತರ 200 ಗ್ರಾಂವರೆಗೆ 10 ಮಿಲಿಗ್ರಾಂ ಹೆಚ್ಚುಕಡಿಮೆಯಾದರೂ ಅದು ಪಾಸು. ಕೊನೆಯ ಅಂಕಿಗೆ ಕಾನೂನೇ ಜವಾಬು ಹೇಳುವುದಿಲ್ಲ.

ಇನ್ನೂ ಸೋಜಿಗದ ಸಂಗತಿಯಿದೆ. ಹಳೆಯ ಎರಡು ತಟ್ಟೆಯ ತಕ್ಕಡಿ ವಸ್ತುವನ್ನು ತೂಕದ ಬಟ್ಟಿನೊಂದಿಗೆ ಹೋಲಿಸುತ್ತಿತ್ತು. ಎಲೆಕ್ಟ್ರಾನಿಕ್ ತಕ್ಕಡಿ ಅಳೆಯುವುದು ಭೂಮಿಯ ಎಳೆತವನ್ನು. ಆ ಎಳೆತ ಎಲ್ಲ ಊರಲ್ಲೂ ಒಂದೇ ಸಮನಾಗಿಲ್ಲ; ಭೂಮಧ್ಯರೇಖೆಯತ್ತ ಬಂದಂತೆ, ಎತ್ತರಕ್ಕೆ ಏರಿದಂತೆ ಕಡಿಮೆಯಾಗುತ್ತದೆ. ದಿಲ್ಲಿಯಲ್ಲಿ ಸರಿಪಡಿಸಿದ ತಕ್ಕಡಿಯನ್ನು ಮಂಗಳೂರಿಗೆ ತಂದು ಹಾಗೆಯೇ ಬಳಸಿದರೆ 100 ಗ್ರಾಂ ಚಿನ್ನವನ್ನು ಸುಮಾರು 99.91 ಗ್ರಾಂ ಎಂದು ತೋರಿಸುತ್ತದೆ. ಆದ್ದರಿಂದಲೇ ಯಂತ್ರವನ್ನು ಬಳಸುವ ಊರಿನಲ್ಲೇ ಪ್ರಮಾಣಿತ ಬಟ್ಟಿಟ್ಟು ಸರಿಪಡಿಸಬೇಕು. ಇದನ್ನು ಮಾಡದ ವ್ಯಾಪಾರಿ ಮೋಸಗಾರನೇ ಆಗಬೇಕಿಲ್ಲ, ಆದರೆ ನಷ್ಟ ಯಾರದೋ ಒಬ್ಬರದು ಆಗಿಯೇ ಆಗುತ್ತದೆ.

ಫ್ಯಾನಿನ ಗಾಳಿಯೂ ಸಾಕು, ಮಿಲಿಗ್ರಾಂ ಅಂಕಿಗಳು ಕುಣಿಯಲು. ಸೂಕ್ಷ್ಮ ತಕ್ಕಡಿಗೆ ಗಾಜಿನ ಗೂಡು ಇರುವುದು ಅಂದಕ್ಕಲ್ಲ. ಯಂತ್ರ ಮಟ್ಟಸವಾಗಿ ಕೂತಿದೆಯೇ ಎಂದು ಅದರ ನೀರಗುಳ್ಳೆ ತೋರಿಸುತ್ತದೆ. ಸ್ವಿಚ್ ಹಾಕಿದ ತಕ್ಷಣ ತೂಗಬಾರದು, ಬಿಸಿಯಾಗಲು ಸ್ವಲ್ಪ ಹೊತ್ತು ಬೇಕು.

ಮನೆಗೆ ತರಿಸುವ ಅಗ್ಗದ ಪುಟ್ಟ ತಕ್ಕಡಿಗಳ ಕಥೆಯೇ ಬೇರೆ. ಪೆಟ್ಟಿಗೆಯ ಮೇಲೆ 0.01 ಗ್ರಾಂ ಎಂದಿರುತ್ತದೆ. ಆದರೆ ಖಾಲಿ ತಟ್ಟೆಯ ಸೊನ್ನೆಯನ್ನು ಯಂತ್ರ ತಾನಾಗಿಯೇ ಕಾಯ್ದುಕೊಳ್ಳುವ ವ್ಯವಸ್ಥೆ ಹಲವುಗಳಲ್ಲಿದೆ. ಕೇಸರಿಯನ್ನು ಎಳೆ ಎಳೆಯಾಗಿ ಹಾಕುತ್ತಾ ಹೋದರೆ ಅದನ್ನು ‘ಸೊನ್ನೆಯ ಅಲುಗಾಟ’ ಎಂದು ಭಾವಿಸಿ ನುಂಗಿಬಿಡಬಹುದು! ಮೊದಲೇ ಒಂದು ಬಟ್ಟಲಿಗೆ ಹಾಕಿ, ಬಟ್ಟಲು ಸಮೇತ ಒಮ್ಮೆಗೇ ಇಟ್ಟು, ಬಟ್ಟಲಿನ ತೂಕ ಕಳೆಯುವುದು ಒಳ್ಳೆಯದು. ಝಕಾತ್ ಲೆಕ್ಕಕ್ಕೆ ಮನೆಯ ಒಡವೆಗಳನ್ನು ಇಂಥ ತಕ್ಕಡಿಯಲ್ಲಿ ತೂಗುವವರೂ ಇದ್ದಾರೆ. ಅಂದಾಜಿಗೆ ಅಡ್ಡಿಯಿಲ್ಲ. ನಿಸಾಬಿನ ಅಂಚಿನಲ್ಲಿರುವವರು ಮಾತ್ರ ಮುದ್ರೆಯಿರುವ ತಕ್ಕಡಿಯಲ್ಲಿ ಇನ್ನೊಮ್ಮೆ ತೂಗಿಸಲಿ.

ವ್ಯಾಪಾರದ ಎಲೆಕ್ಟ್ರಾನಿಕ್ ತಕ್ಕಡಿಗೆ 12 ತಿಂಗಳಿಗೊಮ್ಮೆ ಕಾನೂನು ಮಾಪನಶಾಸ್ತ್ರ ಇಲಾಖೆಯ ಪರೀಕ್ಷೆ ಮತ್ತು ಮುದ್ರೆ ಕಡ್ಡಾಯ. ಪ್ರಮಾಣಪತ್ರ ಅಂಗಡಿಯಲ್ಲಿ ಎಲ್ಲರಿಗೂ ಕಾಣುವಂತಿರಬೇಕು. ಹಾಲ್‌ಮಾರ್ಕ್ ಇದೆಯಲ್ಲ ಎಂದು ಸುಮ್ಮನಾಗಬೇಡಿ, ಅದು ಹೇಳುವುದು ಚಿನ್ನದ ಶುದ್ಧತೆಯನ್ನು, ತೂಕವನ್ನಲ್ಲ. ಒಡವೆ ಇಡುವ ಮೊದಲು ಸೊನ್ನೆ ಇದೆಯೇ ನೋಡಿ. ಫ್ಯಾನ್ ನಿಲ್ಲಿಸಲು ಹೇಳಿ. ಎರಡು ಸಲ ತೂಗಿಸಿ. ಸಂಶಯ ಬಂದರೆ ಪ್ರಮಾಣಿತ ಬಟ್ಟು ಇಟ್ಟು ತೋರಿಸಲು ಕೇಳಿ, ನಾಚಿಕೊಳ್ಳಬೇಕಾದ್ದೇನಿಲ್ಲ. ಕಲ್ಲು, ಅರಗು ಇರುವ ಒಡವೆಯಾದರೆ ಅವುಗಳ ತೂಕ ಕಳೆದು ಚಿನ್ನದ ತೂಕವನ್ನು ಬಿಲ್ಲಿನಲ್ಲಿ ಬೇರೆಯಾಗಿ ಬರೆಸಿ. ತಕ್ಕಡಿಯ ತಪ್ಪಿಗಿಂತ ಇಲ್ಲಿ ಹೋಗುವುದೇ ಹೆಚ್ಚು. ಅಂಗಡಿಯವರು ಒಪ್ಪದಿದ್ದರೆ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಯ ಸಂಖ್ಯೆ 1915.